ಕಾಗಾನ್ ಮನೆಯವರ ಬಳಸುದಾರಿ

ಬ್ಯೂನಸ್ ಐರಿಸ್ಸಿನಿಂದ ದೂರದ ನಮ್ಮ ಯಹೂದಿ ಊರು ಗ್ರಿನ್‌ಫೆಲ್ಡಿನ ಸ್ಮಶಾನದಲ್ಲಿ ಮಲಗಿರುವ ಒಬ್ಬೊಬ್ಬರ ಕತೆಯನ್ನೂ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದವನು ನೌಮ್ ಕಾಗಾನ್. ಯಾರು ಯಾವ ಹಡಗಿನಲ್ಲಿ ಬಂದರು, ಯಾರ ಎತ್ತು ಮೊದಲ ವರ್ಷವೇ ಹಗ್ಗ ಹರಿದುಕೊಂಡು ಓಡಿತು, ಬೆಸರಾಬಿಯಾದಿಂದ ಸೂರ್ಯಕಾಂತಿ ಬೀಜವನ್ನು ತಲೆವಸ್ತ್ರದ ಗಂಟಿನಲ್ಲಿ ಕಟ್ಟಿ ತಂದವಳು ಯಾರು, ಎಲ್ಲ ಗೊತ್ತು ಅವನಿಗೆ. ಆದರೆ ಆ ಸ್ಮಶಾನದ ಗೇಟು ದಾಟಿ ಅವನು ಒಳಗೆ ಹೋದದ್ದು ಜೀವಮಾನದಲ್ಲಿ ಮೂರೇ ಸಲ. ಅಪ್ಪನನ್ನು ಮಣ್ಣು ಮಾಡಿದ ದಿನ, ಅಮ್ಮನನ್ನು ಮಣ್ಣು ಮಾಡಿದ ದಿನ, ಹೆಂಡತಿ ಪೆರ್ಲಾಳನ್ನು ಮಣ್ಣು ಮಾಡಿದ ದಿನ.

ಕಾಗಾನರದು ಪುರೋಹಿತರ ಕುಲ. ಕೊಹೇನ್ ಎನ್ನುತ್ತೇವೆ ನಾವು. ಹಬ್ಬದ ದಿನ ಪ್ರಾರ್ಥನಾ ಮಂದಿರದಲ್ಲಿ ಬೂಟು ಕಳಚಿ, ಎಲ್ಲರ ಮುಂದೆ ನಿಂತು, ಶಾಲಿನೊಳಗಿಂದ ಕೈ ಚಾಚಿ ಊರನ್ನು ಹರಸುವವರು ಅವರು. ಆ ಕೈಗೆ ಸಾವಿನ ಮೈಲಿಗೆ ತಾಗಬಾರದು. ಹೆತ್ತವರು, ಒಡಹುಟ್ಟಿದವರು, ಕೈಹಿಡಿದವಳು, ಮಕ್ಕಳು, ಇಷ್ಟು ಜನರ ಮಣ್ಣಿಗೆ ಮಾತ್ರ ಅವರು ಹೋಗಬಹುದು. ಅದೂ ಆ ಒಂದು ದಿನ. ಆಮೇಲೆ ಯಾರ ಗೋರಿಯಾದರೂ ಸರಿ, ನಾಲ್ಕು ಮೊಳ ದೂರ.

ನೌಮನದು ಸೈಕಲ್ ರಿಪೇರಿ ಅಂಗಡಿ. ಟ್ಯೂಬನ್ನು ನೀರಿನ ಬಾನಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತ, "ನೀನಿರೋ ಮನೆ ಮೊದಲು ಯಾರದಿತ್ತು ಗೊತ್ತೇನು?" ಎಂದು ಅವನು ಶುರು ಮಾಡಿದನೆಂದರೆ ಗಿರಾಕಿ ಅಲ್ಲಿಗೆ ಸಿಕ್ಕಿಬಿದ್ದ ಹಾಗೆ. ಮಿಡತೆ ಬಂದ ವರ್ಷ, ಮಂದಿರಕ್ಕೆ ತಗಡು ಹೊದಿಸಿದ ವರ್ಷ, ಇಬ್ಬರು ಬೀಗರು ಒಂದು ಬೆಂಚಿಗಾಗಿ ಜಗಳವಾಡಿ ಎರಡು ಮಂದಿರ ಕಟ್ಟಿಸಿದ್ದು, ಎಲ್ಲ ಬರುತ್ತಿತ್ತು.

"ದೋನ್ ನೌಮ್, ನನ್ನ ಟ್ಯೂಬಿಗೆ ಒಂದೇ ತೂತು. ನಿಮ್ಮ ಕತೆಗೆ ನೂರಿವೆ. ಮೊದಲು ನಂದು ಮುಚ್ಚಿ ಮಾರಾಯರೇ" ಎಂದು ರಸ್ತೆಗೆ ನೆಲ ಹೆರೆಯುವ ಗ್ರೇಡರ್ ಯಂತ್ರ ಓಡಿಸುವ ಎವಾರಿಸ್ತೋ ಕಾಬ್ರೆರಾ ಗೋಗರೆಯುತ್ತಿದ್ದ. ಅವನು ನಮ್ಮವನಲ್ಲ, ಹಿರಿಯರನ್ನು ‘ದೋನ್’ ಎಂದು ಕರೆಯುವ ಈ ನೆಲದ ಮೂಲದವನು. ಯಹೂದಿಗಳ ಹೊಲಮನೆಯಲ್ಲಿ ಬೆಳೆದು, ನಮ್ಮ ಬೈಗುಳಗಳನ್ನು ನಮಗಿಂತ ಚೆನ್ನಾಗಿ ಕಲಿತವನು.

ಒಳಗೆ ಹೋಗಲಾಗದ ನೌಮ್ ಗೋರಿಗಳ ಬರಹವನ್ನೆಲ್ಲ ಓದಿದ್ದು ಹೇಗೆ? ಪೆರ್ಲಾ ಓದುತ್ತಿದ್ದಳು. ಅವಳು ಒಳಗೆ, ಅವನು ಗೋಡೆಯಾಚೆ ಪೆಟ್ಟಿಗೆಯ ಮೇಲೆ. ಭಾನುವಾರ ಹೊತ್ತೇರಿದ ಮೇಲೆ ಅವಳ ಗಂಟಲು ರೈಲು ಗೇಟಿನವರೆಗೆ ಕೇಳುತ್ತಿತ್ತು.

"ಬರೀತಿದೀಯಾ? ‘ಮೆಂಡೆಲ್, ಯೋಸೆಫನ ಮಗ, ನೇರ ನಡೆಯವನು.’ ನೇರ ನಡೆಯವನಂತೆ! ನಮ್ಮಪ್ಪನ ಕುದುರೆ ಕದ್ದೋನು ಇವನೇ ಅಲ್ವೇನೋ?"

"ಓದು ಪೆರ್ಲಾ. ತೀರ್ಪು ಕೊಡಬೇಡ."

"ನಾನೇನು ನಿನ್ನ ಹಾಗೆ ಮಡಿವಂತಳಾ? ಸತ್ತವರ ಜೊತೆ ಜಗಳ ಆಡೋ ಹಕ್ಕು ನನಗಿದೆ."

ಆ ಪೆರ್ಲಾಳೂ ಈಗ ಒಳಗೆ, ಮೂರನೇ ಸಾಲಿನಲ್ಲಿ. ಅವಳ ಕಲ್ಲಿನ ನೆತ್ತಿ ಮಾತ್ರ ಗೋಡೆಯಾಚೆಗೆ ಕಾಣುತ್ತದೆ. ಮೊದಲೆಲ್ಲ ಅವನು ಪೆಟ್ಟಿಗೆ ಹತ್ತಿದ್ದು ಕಂಡರೆ, "ಇಣುಕಿ ನೋಡ್ತಾನೆ ಅಂತ ಒಳಗಿನವರು ದೂರು ಕೊಟ್ಟಿದಾರೆ" ಎಂದು ನಗುತ್ತಿದ್ದೆವು. ಪೆರ್ಲಾ ಹೋದ ಮೇಲೆ ಆ ನಗು ನಿಂತಿತು.

ಆ ಚಳಿಗಾಲದಲ್ಲಿ ನಮ್ಮ ಪಂಚಾಯಿತಿಯವರು ಸೋಯಾ ಲಾರಿಗಳಿಗೆ ಬೇರೆ ರಸ್ತೆ ಮಾಡಲು ಹೊರಟರು. ಊರ ನಡುವಿನ ಬೀದಿ ಲಾರಿಗಳಿಂದ ಕೆಟ್ಟು ಕೆರ ಹಿಡಿದಿತ್ತು. ಹೊಸ ರಸ್ತೆ ಸ್ಮಶಾನದ ಹಿಂದಿನ ಹುಲ್ಲುಗಾವಲಿನಲ್ಲಿ, ನೀಲಗಿರಿ ಸಾಲಿನಿಂದ ರೈಲು ಗೇಟಿನವರೆಗೆ. ಯಾರಿಗೂ ತಕರಾರಿರಲಿಲ್ಲ. ಸುದ್ದಿ ಕೇಳಿ ನೌಮನ ಕೈಯಲ್ಲಿದ್ದ ಪಾನಾ ಮಾತ್ರ ಬಾನಿಯೊಳಕ್ಕೆ ಬಿತ್ತು.

ಕಾಗಾನರ ಹಳೆಯ ಹೊಲದಿಂದ ಊರಿಗೆ ಬರುವ ಕಾಲುದಾರಿ ಅದೇ ಹುಲ್ಲುಗಾವಲಿನಲ್ಲಿತ್ತು. ನೇರವಾಗಿ ಬರುತ್ತ ಬರುತ್ತ, ನಡುವೆ ಒಂದು ಕಡೆ ಅದು ಬಿಲ್ಲಿನ ಹಾಗೆ ಬಾಗುತ್ತಿತ್ತು. ಅಲ್ಲಿ ಹಳ್ಳವಿಲ್ಲ, ಮರವಿಲ್ಲ, ಕಲ್ಲಿಲ್ಲ. ಆದರೂ ನೌಮನ ಅಜ್ಜ ಬಳಸಿಕೊಂಡು ನಡೆದ, ಅಪ್ಪ ಬಳಸಿಕೊಂಡು ನಡೆದ. ಚಿಕ್ಕವನಿದ್ದಾಗ ಕರುವಿನ ಹಿಂದೆ ನೇರಕ್ಕೆ ಓಡಿದ್ದಕ್ಕೆ ನೌಮನಿಗೆ ಅಪ್ಪ ಕಪಾಳಕ್ಕೆ ಬಿಟ್ಟಿದ್ದ. ಯಾಕೆಂದು ಕೇಳಿದರೆ, "ನಾವು ಕೊಹೇನ್‌ಗಳು" ಎಂದಷ್ಟೇ.

ಆ ಮಾತು ಅವನಿಗೆ ಅರ್ಥವಾದದ್ದು ತಲೆ ನರೆತ ಮೇಲೆ, ಒಂದು ಮಧ್ಯಾಹ್ನ, ಟ್ಯೂಬಿಗೆ ಅಂಟು ಹಚ್ಚುತ್ತಿದ್ದಾಗ. ಹಡಗಿನಿಂದಿಳಿದವರನ್ನು ಮೊದಲ ಶರತ್ಕಾಲದಲ್ಲಿ ರೈಲ್ವೆ ಶೆಡ್ಡಿನಲ್ಲಿ ತುಂಬಿದ್ದರು. ಜ್ವರ ಬಂತು, ಮಕ್ಕಳು ಸತ್ತವು. ಅಪ್ಪನ ಅಕ್ಕ ಹಾನೆಲೆ, ಇನ್ನೂ ಸರಿಯಾಗಿ ಮಾತು ಬಾರದ ಕೂಸು, ಅಲ್ಲೇ ಹೋದಳೆಂದು ಅಜ್ಜಿ ಹೇಳಿದ್ದುಂಟು. ಆದರೆ ಗೋಡೆಯೊಳಗೆ ಎಲ್ಲೂ ಹಾನೆಲೆಯ ಕಲ್ಲಿಲ್ಲ, ಆ ಮಕ್ಕಳಲ್ಲಿ ಒಬ್ಬರದೂ ಇಲ್ಲ. ಗೋಡೆ ಕಟ್ಟಿದ್ದು ಎಷ್ಟೋ ವರ್ಷದ ಮೇಲೆ, ನೀರು ನಿಲ್ಲದ ಎತ್ತರದ ಜಾಗದಲ್ಲಿ. ಉಳಿದ ತಂದೆತಾಯಿಗಳು ಬದುಕು ಸಾಕಾಗಿ ಬ್ಯೂನಸ್ ಐರಿಸ್ಸಿಗೆ ಹೊರಟುಹೋದರು. ಮಕ್ಕಳು ಎಲ್ಲಿವೆ ಎನ್ನುವುದನ್ನು ಬಲ್ಲವರು ಉಳಿದದ್ದು ಕಾಗಾನರ ಮನೆಯಲ್ಲಿ ಮಾತ್ರ, ಅದೂ ಬಾಯಲ್ಲಲ್ಲ, ಕಾಲಲ್ಲಿ.

ನೌಮ್ ಪಂಚಾಯಿತಿ ಅಧ್ಯಕ್ಷೆ ನೆಲಿ ಗೋದೋಯ್ ಹತ್ತಿರ ಹೋದ. ಒಳ್ಳೆ ಹೆಂಗಸು. ಮಾಟೆ ಎಲೆಯ ಚಹಾ ಹೀರುವ ಸೋರೆಬುರುಡೆಗೆ ಬಿಸಿನೀರು ಹುಯ್ದು ಮೊದಲು ಅವನ ಕೈಗೇ ಕೊಟ್ಟಳು.

"ಅಲ್ಲಿ ಮಕ್ಕಳಿದಾವೆ, ನೆಲಿ."

"ಯಾರು ಹೇಳಿದ್ದು?"

"ದಾರಿ ಬಾಗುತ್ತಲ್ಲ."

"ದೋನ್ ನೌಮ್, ದನ ನಡೆದ ಕಡೆ ದಾರಿ ಬಾಗುತ್ತೆ. ನನಗೊಂದು ಕಲ್ಲು ತೋರಿಸಿ, ಒಂದು ಹಲಗೆ, ಒಂದು ಮೂಳೆ. ಆಮೇಲೆ ನಾನು ನಿಮ್ಮ ಕಡೆ."

"ಮೂಳೆ ತೋರಿಸಬೇಕಾದರೆ ಅಗೀಬೇಕು. ಅಗೀಬೇಡಿ ಅಂತ ಹೇಳೋಕೇ ನಾನು ಬಂದಿರೋದು!"

ನೆಲಿ ಬುರುಡೆಯನ್ನು ಹಿಂದಕ್ಕೆ ತೆಗೆದುಕೊಂಡಳು. "ಗುರುವಾರ ಯಂತ್ರ ಬರುತ್ತೆ. ಅಷ್ಟರಲ್ಲಿ ಏನಾದರೂ ತನ್ನಿ. ಕಾಲುದಾರಿಯೊಂದನ್ನ ನಂಬಿ ಊರ ರಸ್ತೆ ತಿರುಗಿಸಿದೆ ಅಂದರೆ ನನ್ನನ್ನು ಹುಚ್ಚಿ ಅಂತಾರೆ."

ಅಲ್ಲಿಂದ ಅವನು ನಮ್ಮ ಮಂದಿರ ನೋಡಿಕೊಳ್ಳುವ ಸ್ರೂಲ್ ಮುದುಕನ ಮನೆಗೆ ಹೋದ. ಶಾಸ್ತ್ರದಲ್ಲಿ ಏನು ಸಂದೇಹ ಬಂದರೂ ನಾವು ಸ್ರೂಲನನ್ನೇ ಕೇಳುವುದು. ಅವನ ಮಂಡಿಗಳು ಹೋಗಿ ಕುರ್ಚಿಯೇ ಅವನ ಕಾಲಾಗಿತ್ತು.

"ಯಾರೂ ದಿಕ್ಕಿಲ್ಲದ ಹೆಣ ದಾರಿಯಲ್ಲಿ ಸಿಕ್ಕಿದರೆ?" ಎಂದ ನೌಮ್.

"ಮಹಾಪುರೋಹಿತನಾದರೂ ಇಳಿದು ಮಣ್ಣು ಮಾಡಬೇಕು. ಅದು ಮಗುವಿಗೂ ಗೊತ್ತು. ಆದರೆ ಅವರನ್ನ ಮಣ್ಣು ಮಾಡಿ ಆಗಿದೆಯಲ್ಲೋ."

"ಗುರುವಾರ ಮೇಲಕ್ಕೆ ಬರ್ತಾರೆ."

"ಬೇರೆ ಯಾರನ್ನಾದರೂ ಕಳಿಸು. ಇಲ್ಲಿ ನೋಡು, ಈ ಊರಿನಲ್ಲಿ ಉಳಿದ ಕೊಹೇನ್ ನೀನೊಬ್ಬ. ಬೇಕೂಂತ ಮೈಲಿಗೆ ತುಳಿದರೆ ಹಬ್ಬಕ್ಕೆ ನಮ್ಮನ್ನು ಹರಸೋರು ಯಾರು? ನಾನು ಹರಸಲಾ, ಈ ಕುರ್ಚಿ ಮೇಲೆ ಕೂತ್ಕೊಂಡು?"

"ಬಾಗು ಎಲ್ಲಿಂದ ಎಲ್ಲಿಗೆ ಅಂತ ಬೇರೆಯವರಿಗೇನು ಗೊತ್ತು?"

"ನೀನು ದಾರಿ ಮೇಲೆ ನಿಂತು ಕೂಗು. ಪೆರ್ಲಾ ಹತ್ರ ಕೂಗ್ತಿರಲಿಲ್ವೇ, ಹಾಗೆ."

ಹಾಗೇ ಮಾಡುವುದೆಂದಾಯಿತು. ಗುರುವಾರ ಬೆಳಿಗ್ಗೆ ನಾವು ಕೆಲವರು ಹೋಗಿ ಆ ಜಾಗದಲ್ಲಿ ನಿಲ್ಲುವುದು, ಅವನು ದಾರಿಯಿಂದ ಹೇಳುವುದು. ಬುಧವಾರ ಅವನು ಒಬ್ಬನೇ ಹುಲ್ಲುಗಾವಲಿಗೆ ಹೋದ, ಬಾಗನ್ನು ಇನ್ನೊಮ್ಮೆ ಸರಿಯಾಗಿ ನೋಡಿಕೊಳ್ಳಲು. ಇಬ್ಬನಿ ಇನ್ನೂ ಆರಿರಲಿಲ್ಲ. ನಡೆಯುತ್ತ ಅವನಿಗೆ, ಇಷ್ಟು ವರ್ಷ ಹೊಳೆಯದ ಒಂದು ಮಾತು ಹೊಳೆಯಿತಂತೆ: ಹೊಲದಿಂದ ಊರಿಗೆ ಹತ್ತಿರದ ದಾರಿ ರೈಲು ಕಂಬಿಯ ಪಕ್ಕದ್ದು. ಅಜ್ಜ ಇಲ್ಲಿ ಬರುವ ಅಗತ್ಯವೇ ಇರಲಿಲ್ಲ. ದೂರವಿರಬೇಕು ಎಂದಲ್ಲ ಅವನು ಇಲ್ಲಿ ಬಳಸಿದ್ದು. ಮಗಳು ಹಾನೆಲೆಯಿಂದ ನಾಲ್ಕು ಮೊಳಕ್ಕಿಂತ ಹತ್ತಿರ ಹೋಗುವಂತಿಲ್ಲವಲ್ಲ, ಆ ನಾಲ್ಕು ಮೊಳದಷ್ಟಾದರೂ ಹತ್ತಿರ ಇರಲಿ ಎಂದು ದಿನಾ ಈ ದಾರಿ ಹಿಡಿದ.

ಅಷ್ಟರಲ್ಲಿ ಯಂತ್ರದ ಸದ್ದು ಕೇಳಿತು. ಶುಕ್ರವಾರದಿಂದ ಮಳೆಯೆಂದು ರೇಡಿಯೋದಲ್ಲಿ ಹೇಳಿದ್ದಕ್ಕೆ ಒಂದು ದಿನ ಮೊದಲೇ ಕಳಿಸಿಬಿಟ್ಟಿದ್ದರು. ಗ್ರೇಡರ್ ನೀಲಗಿರಿ ಸಾಲಿನ ಕಡೆಯಿಂದ, ಅಂದರೆ ಬಾಗಿನ ಆಚೆಯಿಂದ, ನೆಲ ಹೆರೆಯುತ್ತ ಬರುತ್ತಿತ್ತು. ನೌಮ್ ದಾರಿಯ ಮೇಲೆ ನಿಂತು ಕೂಗಿದ. ಇಂಜಿನ್ನಿನ ಸದ್ದಿಗೆ ಏನು ಕೇಳೀತು? ಹ್ಯಾಟು ತೆಗೆದು ಬೀಸಿದ. ಎವಾರಿಸ್ತೋ ಖುಷಿಯಿಂದ ತನ್ನ ಟೋಪಿಯನ್ನೂ ತೆಗೆದು ಬೀಸಿದ. ನೌಮ್ ಎರಡೂ ಕೈ ಎತ್ತಿ ಕುಣಿದ. ಎವಾರಿಸ್ತೋ ಹಾರನ್ ಹೊಡೆದು ಮುಂದೆ ಬಂದ.

ಸುತ್ತಿಕೊಂಡು ಓಡುವಷ್ಟು ಹೊತ್ತಿರಲಿಲ್ಲ. ಕರೆಯಲು ಯಾರೂ ಇರಲಿಲ್ಲ. ನೌಮ್ ನೇರ ನುಗ್ಗಿದ. ಮೂರು ತಲೆಮಾರು ಬಳಸಿ ನಡೆದ ಹುಲ್ಲನ್ನು ತುಳಿದುಕೊಂಡು, ಎಡವುತ್ತ, "ಕ್ಷಮಿಸಿ ಮಕ್ಕಳೇ, ಕ್ಷಮಿಸಿ ಮಕ್ಕಳೇ" ಎಂದು ಒದರುತ್ತ ಯಂತ್ರದ ಮುಂದೆ ಬಂದು ಬಿದ್ದ. ಇದನ್ನೆಲ್ಲ ಎವಾರಿಸ್ತೋ ಆಮೇಲೆ ನಮಗೆ ಹೇಳಿದ್ದು, ಮುಂದಿಟ್ಟ ವೈನಿನ ಗ್ಲಾಸು ಮುಟ್ಟದೆ.

ಅವನು ಇಂಜಿನ್ ಆರಿಸಿ ಹಾರಿ ಇಳಿದ. ನಮ್ಮ ಭಾಷೆಯ ಬೈಗುಳವೊಂದು ಬಾಯಿಗೆ ಬಂತಂತೆ, ಮುದುಕನ ಮುಖ ನೋಡಿ ನುಂಗಿಕೊಂಡ.

"ದೋನ್ ನೌಮ್, ಸಾಯೋದಿದ್ದರೆ ಸೋಯಾ ಲಾರಿ ಕೆಳಗೆ ಸಾಯಿರಿ. ನನ್ನ ಯಾಕೆ ಜೈಲಿಗೆ ಕಳಿಸ್ತೀರಿ?"

"ಮಕ್ಕಳಿದಾರೆ. ಇಲ್ಲಿ, ನಮ್ಮ ಕೆಳಗೆ. ಬಳಸ್ಕೊಂಡು ಹೋಗು."

ಎವಾರಿಸ್ತೋ ಕಾಲ ಕೆಳಗೆ ನೋಡಿದ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಅವನು ನೆಲಿಯ ಹಾಗೆ ಕಲ್ಲು ಕೇಳಲಿಲ್ಲ, ಮೂಳೆ ಕೇಳಲಿಲ್ಲ. "ಆಗಲಿ, ಬಳಸ್ತೀನಿ. ಬೈದರೆ ಬೈಸ್ಕೋತೀನಿ. ಎಲ್ಲಿವರೆಗೆ ಇದಾರೆ ಹೇಳಿ" ಎಂದ.

ನೌಮ್ ತಿರುಗಿ ದಾರಿಯ ಬಾಗನ್ನು ನೋಡಿದ.

ಅವನಿಗೆ ಗೊತ್ತಿದ್ದದ್ದು ದಾರಿಯ ಕಡೆಗಿರುವ ಅಂಚು ಮಾತ್ರ. ಅಜ್ಜ ಬಳಸಿದ್ದು ಒಂದೇ ಮಗ್ಗುಲು. ಈಚೆ ಮಗ್ಗುಲಿನಲ್ಲಿ, ರಸ್ತೆ ಬರುವ ಕಡೆಯಲ್ಲಿ, ಮಕ್ಕಳು ಎಲ್ಲಿಗೆ ಮುಗಿಯುತ್ತಾರೆ ಎಂದು ಯಾವ ಕಾಗಾನನ ಕಾಲೂ ಹೇಳಿರಲಿಲ್ಲ.

ಅವನು ಬಗ್ಗಿ ನಡೆದ. ಎವಾರಿಸ್ತೋ ರಸ್ತೆಗೆ ಗುರುತು ನೆಡಲು ತಂದಿದ್ದ ಬಿದಿರು ಕಡ್ಡಿಗಳನ್ನು ಹಿಡಿದು ಹಿಂದೆ. "ಇಲ್ಲೂ ಇರಬಹುದು" ಎಂದ ಕಡೆ ಒಂದು ಕಡ್ಡಿ. "ಇಲ್ಲೂ" ಎಂದರೆ ಇನ್ನೊಂದು. ಹುಲ್ಲು ಎಲ್ಲ ಕಡೆ ಒಂದೇ ಹುಲ್ಲು. ಹಾಗೇ ನಡೆಯುತ್ತ ನಡೆಯುತ್ತ ನೀರುಗಾಲುವೆಯ ಹತ್ತಿರ ಬಂದರು.

"ದೋನ್ ನೌಮ್, ಇನ್ನು ಆಚೆ ಕಾಲುವೆ. ಕಾಲುವೆಯೊಳಗೆ ರಸ್ತೆ ಮಾಡೋಕಾಗಲ್ಲ. ಒಂದು ಲಾರಿಯ ಅಗಲ ನನಗೆ ಬಿಟ್ಟುಕೊಡಿ. ಅಷ್ಟೇ ಸಾಕು. ಎಲ್ಲಿ ಬಿಡ್ತೀರಿ, ನೀವೇ ಹೇಳಿ."

"ನನಗೆ ಗೊತ್ತಿಲ್ಲ."

"ನೀವು ಹೇಳದಿದ್ದರೆ ನಾಳೆ ಬೇರೆ ಡ್ರೈವರ್ ಬರ್ತಾನೆ. ಅವನು ಕೇಳೋದೂ ಇಲ್ಲ."

ನೌಮ್ ಹುಲ್ಲಿನ ಮೇಲೆ ಕೂತುಬಿಟ್ಟ. ಊರಿನ ಒಬ್ಬೊಬ್ಬರ ಮನೆಯ ಇಟ್ಟಿಗೆಯೂ ಯಾವ ಭಟ್ಟಿಯದೆಂದು ಹೇಳುವವನು, ಅಂಗೈಯನ್ನು ನೆಲಕ್ಕೆ ಒತ್ತಿಕೊಂಡು, ಕಿವಿಗೊಟ್ಟವನ ಹಾಗೆ ಬಹಳ ಹೊತ್ತು ಕೂತಿದ್ದನಂತೆ. ಕಡೆಗೆ ಎದ್ದು ಕಾಲುವೆಗೆ ಒತ್ತಿದ ಪಟ್ಟಿಯನ್ನು ಕೈಯಿಂದ ತೋರಿಸಿದ. ಇಂಜಿನ್ ಶುರುವಾಯಿತು. ಯಂತ್ರದ ಅಲಗಿನ ಪಕ್ಕದಲ್ಲೇ ಅವನು ಉದ್ದಕ್ಕೂ ನಡೆದ, ಮಗುಚಿದ ಕಪ್ಪು ಮಣ್ಣಿನಿಂದ ಕಣ್ಣು ತೆಗೆಯದೆ. ಬೇರು ಕಂಡರೂ "ನಿಲ್ಲಿಸು" ಎನ್ನುತ್ತಿದ್ದ. ಎವಾರಿಸ್ತೋ ಪ್ರತಿ ಸಲವೂ ನಿಲ್ಲಿಸಿದ.

ಏನೂ ಸಿಗಲಿಲ್ಲ. ಸಿಗಲಿಲ್ಲವೆಂದರೆ ಇರಲಿಲ್ಲವೆಂದೇ? ಅಷ್ಟು ಎಳೆಯ ಮೂಳೆ ಅಷ್ಟು ವರ್ಷ ಮಣ್ಣಿನಲ್ಲಿ ಉಳಿಯುವುದುಂಟೇ? ಅವನು ಅಂಗಡಿಗೆ ಬಂದವರನ್ನೆಲ್ಲ ಇದೇ ಕೇಳತೊಡಗಿದ. ಮಿಡತೆಯ ಕತೆ ನಿಂತಿತು, ಬೀಗರ ಬೆಂಚಿನ ಕತೆ ನಿಂತಿತು. ಟ್ಯೂಬು ನೀರಿನಲ್ಲಿ ಮುಳುಗಿಸಿದವನು ಗುಳ್ಳೆ ಬರುತ್ತಿದ್ದರೂ ನೋಡುತ್ತಿರಲಿಲ್ಲ.

ವಸಂತದಲ್ಲಿ ನಮ್ಮ ಹೊಸವರ್ಷದ ಹಬ್ಬ ಬಂತು. ಪ್ರಾರ್ಥನೆಗೆ ಜನ ಸಾಲದೆಂದು ಕಾಂಕೋರ್ದಿಯಾ ಪಟ್ಟಣದಿಂದ ನೆಂಟರು ಬಂದಿದ್ದರು. ಹರಸುವ ಹೊತ್ತಿಗೆ ನಾವೆಲ್ಲ ಎದ್ದು ನಿಂತು ತಲೆ ತಗ್ಗಿಸಿದೆವು. ನೌಮ್ ಕೂತ ಕಡೆಯಿಂದ ಏಳಲಿಲ್ಲ. ಬೂಟಿನ ದಾರ ಬಿಚ್ಚಲಿಲ್ಲ.

ಸ್ರೂಲ್ ಕುರ್ಚಿಯಿಂದ ಬಗ್ಗಿ ಪಿಸುಗುಟ್ಟಿದ. "ಏಳೋ. ದಿಕ್ಕಿಲ್ಲದವರಿಗಾಗಿ ಹೋದೆ, ಅದು ಪುಣ್ಯ. ನಾನು ಹೇಳ್ತಿದೀನಿ, ಏಳು."

"ಆ ಕಡ್ಡಿಗಳ ಒಳಗೆ ಮಕ್ಕಳಿದ್ದರೆ ನಾನು ಅವರ ಎದೆ ತುಳಿದವನು" ಎಂದ ನೌಮ್. "ಒಳಗೆ ಇಲ್ಲದಿದ್ದರೆ, ರಸ್ತೆ ಕೆಳಗಿದಾರೆ. ರಸ್ತೆ ಎಲ್ಲಿ ಹಾಕು ಅಂತ ಕೈ ತೋರಿಸಿದವನೂ ನಾನೇ. ಯಾವ ಕೈ ಎತ್ತಲಿ ಹೇಳು ಸ್ರೂಲ್?"

ನಾವು ತಗ್ಗಿಸಿದ ತಲೆಯನ್ನು ಹಾಗೇ ಇಟ್ಟುಕೊಂಡು ಕಾದೆವು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ಸ್ರೂಲ್ ಗಂಟಲು ಸರಿಮಾಡಿಕೊಂಡು, ಹರಸುವ ಭಾಗ ಬಿಟ್ಟು, ಮುಂದಿನ ಪುಟ ಓದಲು ಶುರು ಮಾಡಿದ.