ಓಣಿಯ ಕಡೆಯ ಬಾಗಿಲು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಳೆಯ ವಯಸ್ಸಿನಲ್ಲೇ ಸುತ್ತಿಗೆಯ ಪೆಟ್ಟಿಗೆ ಸಿಕ್ಕಿ ಕಳಚಿಹೋದ ಉಗುರು ಮತ್ತೆ ಬೆಳೆದಿರಲಿಲ್ಲ. ಆ ಜಾಗದಲ್ಲಿ ನುಣುಪಾದ, ನಸುಗೆಂಪು ಚರ್ಮವಿತ್ತು. ಅದೊಂದನ್ನು ಬಿಟ್ಟರೆ ಉಳಿದ ಕೈಯೆಲ್ಲ ಬಿರುಕು, ಜಡ್ಡುಗಟ್ಟಿದ ಗಂಟುಗಳು, ಎಷ್ಟು ತೊಳೆದರೂ ಹೋಗದ ಬಿಳಿಯ ಕಲ್ಲಿನ ಧೂಳು. ಊರಿನ ಹಳೆಯ ಗೋಡೆಗಳ ಮುಂದೆ ನಿಂತಾಗ ಅವರು ಆ ಉಗುರಿಲ್ಲದ ಬೆರಳನ್ನೇ ಕಲ್ಲಿಗೆ ಒತ್ತಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿಯುತ್ತಿದ್ದರು. ತೇವ ಎಲ್ಲಿದೆ ಎಂಬುದು ಅವರಿಗೆ ಹಾಗೆ ತಿಳಿಯುತ್ತಿತ್ತು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಕ್ರೈಸ್ಟ್‌ಚರ್ಚಿನಿಂದ ಮೂರು ಗಂಟೆ ಕಾರು ಓಡಿಸಿದರೆ ಸಿಗುವ ಆ ಪುಟ್ಟ ಊರಿಗೆ ನಾನು ಹೋದದ್ದು ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿ. ಈ ಶತಮಾನ ಆಗಷ್ಟೇ ಶುರುವಾಗಿತ್ತು. ಊರಿನ ಮುಖ್ಯ ಬೀದಿಯೆಲ್ಲ ಬಿಳಿಯ ಸುಣ್ಣಕಲ್ಲಿನದು. ಹಳೆಯ ಬ್ಯಾಂಕು, ಧಾನ್ಯದ ಉಗ್ರಾಣ, ಈಗ ಗ್ರಂಥಾಲಯವಾಗಿರುವ ಹಳೆಯ ಅಂಚೆ ಕಚೇರಿ, ಕೊನೆಗೆ ಬೀದಿ ತುದಿಯಲ್ಲಿ ಕುದುರೆಗಳಿಗೆ ನೀರಿಡುತ್ತಿದ್ದ ಕಲ್ಲಿನ ತೊಟ್ಟಿ ಕೂಡ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿತ್ತು. ಅವುಗಳ ಒಂದು ತಿರುಪು ಮೊಳೆ ಬದಲಿಸಬೇಕಾದರೂ ಊರಿನ ಸಮಿತಿಯೊಂದರ ಒಪ್ಪಿಗೆ ಬೇಕು. ಆ ಸಮಿತಿಯ ಅಧ್ಯಕ್ಷರು ಇವರು. ಐವತ್ತು ವರ್ಷ ಕಲ್ಲು ಕೆತ್ತಿ ನಿವೃತ್ತರಾದವರು. ಎಂಬತ್ತರ ಮುದುಕರನ್ನೂ ಅಲ್ಲಿ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಆ ಅಭ್ಯಾಸ ಕಡೆಯವರೆಗೂ ಬರಲಿಲ್ಲ. ಎದುರಿಗೆ ‘ಸರ್’ ಎನ್ನುತ್ತಿದ್ದೆ. ಅವರು ಹಿಂದಕ್ಕೆ ತಿರುಗಿ, ಬೇರೆ ಯಾರೋ ಬಂದಿದ್ದಾರೇನೋ ಎಂಬಂತೆ ಹುಡುಕುತ್ತಿದ್ದರು. ನಮ್ಮ ಮನೆಯೊಳಗೆ ಮಾತ್ರ ಅವರು ‘ಮೇಸ್ತ್ರಿಗಳು’.

ಮೈಸೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಲೋಕದ ಯಾವ ಅನ್ಯಾಯವನ್ನಾದರೂ ಸರಿಯಾದ ಕ್ರಮದಲ್ಲಿ ಜೋಡಿಸಿದ ವಾದದಿಂದ, ಸಭೆಯ ಮುಂದೆ ನಿಂತು ನಿವಾರಿಸಬಹುದೆಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿ ಬೇರೂರಿತ್ತು. ಆ ನಂಬಿಕೆಯನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ಅದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ ಎಂದು ತೋರಿಸಿಕೊಟ್ಟವರು ಮೇಸ್ತ್ರಿಗಳು.

ನನ್ನ ಹೆಂಡತಿ ಮೈಸೂರಿನಲ್ಲಿ ಗ್ರಂಥಪಾಲಕಿಯಾಗಿದ್ದವಳು. ನಾವು ಬಂದ ಎರಡನೆಯ ಚಳಿಗಾಲದಲ್ಲಿ, ಮಂಜುಗಟ್ಟಿದ ರಸ್ತೆಯಲ್ಲಿ ಕಾರು ಜಾರಿ ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿ. ಎರಡು ವರ್ಷ ಮನೆಯಲ್ಲೇ ಕಳೆದ ಮೇಲೆ ಊರಿನ ಗ್ರಂಥಾಲಯದಲ್ಲಿ ಒಂದು ಕೆಲಸ ಖಾಲಿಯಾಯಿತು. ಸಂದರ್ಶನ ಕೌನ್ಸಿಲ್ ಕಚೇರಿಯಲ್ಲಿ ನಡೆಯಿತು, ಆಯ್ಕೆಯಾದಳು. ಆದರೆ ಗ್ರಂಥಾಲಯದ ಬಾಗಿಲಿಗೆ ಏಳು ಕಲ್ಲಿನ ಮೆಟ್ಟಿಲು. ಅಲ್ಲಿಯ ಮುಖ್ಯಸ್ಥೆ ಒಳ್ಳೆಯ ಹೆಂಗಸು. “ಸೆಪ್ಟೆಂಬರ್ ಮುಗಿಯುವವರೆಗೆ ಈ ಜಾಗ ನಿನಗಾಗಿ ಕಾಯ್ದಿಡುತ್ತೇನೆ. ಆಮೇಲೆ ನನ್ನ ಕೈಯಲ್ಲಿಲ್ಲ” ಎಂದಿದ್ದರು.

ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿದ್ದ ದಾವಣಗೆರೆಯ ಗೆಳೆಯನೊಬ್ಬ ಫೋನು ಮಾಡಿ, “ಇಲ್ಲಿಗೆ ಬಂದ್ಬಿಡ್ರಿ. ಗೋಡೌನ್ ಆಫೀಸು ಎಲ್ಲಾ ನೆಲಮಟ್ಟದಾಗೆ ಇರ್ತಾವೆ, ಅಕ್ಕಗೆ ಕೆಲ್ಸ ಸಿಕ್ಕೇ ಸಿಗ್ತದೆ” ಎಂದ.

ಇವಳು ಫೋನು ಕಸಿದುಕೊಂಡು, “ನಾನು ಪುಸ್ತಕ ಕೊಡೋಳು ಕಣಪ್ಪ, ಪೆಟ್ಟಿಗೆ ಎಣಿಸೋಳಲ್ಲ” ಎಂದಳು. ನಗುತ್ತಲೇ ಹೇಳಿದಳು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿಯ ನೀರು ಬಿಟ್ಟುಕೊಂಡಿದ್ದಳು.

ಮುಂಭಾಗದ ಮೆಟ್ಟಿಲುಗಳ ಮೇಲೆ ಕಾಂಕ್ರೀಟಿನ ಇಳಿಜಾರು ಹಾಕಬೇಕೆಂದು ನಾನು ಅರ್ಜಿ ಕೊಟ್ಟೆ. ಸಮಿತಿ ನಿರಾಕರಿಸಿತು. ಎರಡೇ ಸಾಲಿನ ಪತ್ರ, ಕೆಳಗೆ ಮೇಸ್ತ್ರಿಗಳ ಸಹಿ. ಮೇಲ್ಮನವಿಗೆ ಆಗಸ್ಟಿನಲ್ಲಿ ಸಾರ್ವಜನಿಕ ಸಭೆ ಗೊತ್ತಾಯಿತು. ಮೂರು ವಾರ ಸಿದ್ಧತೆ ಮಾಡಿದೆ. ಅಂದು ನಾನು ಚೆನ್ನಾಗಿಯೇ ಮಾತಾಡಿದೆ: ಕಲ್ಲಿಗಿರುವ ರಕ್ಷಣೆ ಮನುಷ್ಯರಿಗೇಕಿಲ್ಲ ಎಂದು ಕೇಳಿದೆ. ಕೊನೆಯಲ್ಲಿ ಅಧ್ಯಕ್ಷರತ್ತ ತಿರುಗಿ, ಸತ್ತವರ ಮೆಟ್ಟಿಲುಗಳನ್ನು ಕಾಯುವ ಭರದಲ್ಲಿ ಇವರು ಬದುಕಿರುವವರನ್ನು ಬೀದಿಯಲ್ಲಿ ನಿಲ್ಲಿಸಿದ್ದಾರೆ ಎಂದೆ. ಜೋರಾಗಿ ಚಪ್ಪಾಳೆ ಬಿತ್ತು.

ಮೇಸ್ತ್ರಿಗಳು ನಿಧಾನವಾಗಿ ಎದ್ದರು. ಮುಖ ಕೆಂಪಾಗಿತ್ತು, ಧ್ವನಿ ಮಾತ್ರ ಏರಲಿಲ್ಲ. “ಈ ಕಲ್ಲು ಮೆದು. ಕಾಂಕ್ರೀಟು ತಾಗಿಸಿದರೆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಕಲ್ಲಿನೊಳಗೇ ಉಳಿಯುತ್ತದೆ. ಕಾಂಕ್ರೀಟು ಬಳಿದ ಬ್ಯಾಂಕಿನ ಗೋಡೆಯ ಬುಡ ನೋಡಿ ಬನ್ನಿ, ಬೆರಳಲ್ಲಿ ಕೆರೆದರೆ ಉದುರುತ್ತದೆ. ಇಪ್ಪತ್ತು ಚಳಿಗಾಲ ಕಳೆದರೆ ಗೋಡೆಯೂ ಇರುವುದಿಲ್ಲ, ಇಳಿಜಾರೂ ಇರುವುದಿಲ್ಲ. ಆ ಹೆಣ್ಣುಮಗಳು ಒಳಗೆ ಬರಬಾರದೆಂದು ನಾನೆಲ್ಲೂ ಹೇಳಿಲ್ಲ.” ಇಷ್ಟು ಹೇಳಿ ಕೂತರು. ತೀರ್ಮಾನವನ್ನು ಸೆಪ್ಟೆಂಬರಿನ ಸಭೆಗೆ ಮುಂದೂಡಿದರು.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಕೇಳಿದಳು: “ಚಪ್ಪಾಳೆ ಭರ್ಜರಿಯಾಗಿ ಬಿತ್ತಲ್ಲ ರೀ. ಒಂದು ಮೆಟ್ಲಾದ್ರೂ ಕರಗ್ತಾ?”

ಅದಾಗಿ ಎರಡನೆಯ ಶನಿವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಮೇಸ್ತ್ರಿಗಳ ಹಳೆಯ ಯೂಟ್, ಅಂದರೆ ಪಿಕಪ್ ಗಾಡಿ, ಬಂದು ನಿಂತಿತು. ಹಿಂದಿನ ತೆರೆದ ಭಾಗದಲ್ಲಿ ಒಂದು ಸಲಿಕೆ, ಒಂದು ಬಕೆಟ್ಟು, ಒಂದು ಮುದಿ ನಾಯಿ.

“ವಕೀಲರೇ, ಕೈಗವಸು ಇದೆಯೇ?”

“ನಾನು ವಕೀಲನಲ್ಲ, ಗಣಿತದ ಮೇಷ್ಟ್ರು.”

“ಇನ್ನೂ ಒಳ್ಳೆಯದಾಯಿತು. ಗೆರೆ ನೇರವಿದೆಯೋ ಇಲ್ಲವೋ ಹೇಳುವಿರಂತೆ. ಮನೆಯವರನ್ನೂ ಕರೆದುಕೊಂಡು ಬನ್ನಿ.”

ಗ್ರಂಥಾಲಯದ ಪಕ್ಕದ ಓಣಿ ಬೀದಿಯಿಂದ ಮೇಲಕ್ಕೆ ಏರುತ್ತದೆ. ಹಿಂಭಾಗಕ್ಕೆ ಹೋಗುವಷ್ಟರಲ್ಲಿ ಓಣಿಯ ನೆಲವೂ ಕಟ್ಟಡದ ಒಳನೆಲವೂ ಸಮವಾಗುತ್ತವೆ. ನಾಲ್ಕು ವರ್ಷ ಆ ಊರಿನಲ್ಲಿದ್ದು, ಮೂರು ವಾರ ಭಾಷಣ ಬರೆದ ನಾನು ಆ ಓಣಿಯಲ್ಲಿ ಒಮ್ಮೆಯೂ ನಡೆದಿರಲಿಲ್ಲ. ಅಲ್ಲಿ ಉದ್ದನೆಯ ಒಂದು ಕಿಟಕಿಯಿತ್ತು. ಮೇಸ್ತ್ರಿಗಳು ಅದರ ಕೆಳಗಿನ ಗೋಡೆಯತ್ತ ಕೈ ತೋರಿದರು.

“ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಕಲ್ಲು ಕೂರಬೇಕು. ಇಲ್ಲದಿದ್ದರೆ ಗೋಡೆ ಸೀಳುತ್ತದೆ. ಕುಡಿದ ಮೇಸ್ತ್ರಿಯೂ ಈ ತಪ್ಪು ಮಾಡುವುದಿಲ್ಲ. ಈಗ ಕಿಟಕಿಯ ಎರಡು ಮೂಲೆಗಳಿಂದ ಕೆಳಗೆ ನೋಡಿ.”

ನೋಡಿದೆ. ಎರಡೂ ಕಡೆ ಸಂದುಗಳು ಒಂದರ ಕೆಳಗೊಂದು ಬಂದು, ನೆಲದವರೆಗೆ ಪೂರ್ತಿ ನೇರವಾಗಿ ಇಳಿದಿದ್ದವು. ಆ ಎರಡು ಗೆರೆಗಳ ನಡುವೆ ಒಂದು ಬಾಗಿಲಿನ ಅಗಲವಿತ್ತು.

“ಅಂಚೆಯ ಚೀಲ ಇಳಿಸುತ್ತಿದ್ದ ಬಾಗಿಲು. ಆಮೇಲೆ ಯಾರೋ ಕೆಳಗೆ ಕಲ್ಲು ತುಂಬಿ ಕಿಟಕಿ ಮಾಡಿದ್ದಾರೆ.”

“ನಿಮಗೆ ಇದು ಎಷ್ಟು ವರ್ಷದಿಂದ ಗೊತ್ತು?” ನನ್ನ ಧ್ವನಿಯಲ್ಲಿ ಆರೋಪವಿತ್ತು.

“ಸಭೆಯ ದಿನದಿಂದ. ನೀವು ಬೈದಿರಲ್ಲ, ಸಿಟ್ಟು ತಡೆಯಲಾಗಲಿಲ್ಲ. ಇಳಿಯಲಿ ಎಂದು ಕಟ್ಟಡವನ್ನು ಸುತ್ತಿದೆ. ಮೂರನೆಯ ಸುತ್ತಿನಲ್ಲಿ ಕಂಡಿತು. ನಲವತ್ತು ವರ್ಷ ನಾನೂ ಮುಂಭಾಗವನ್ನೇ ನೋಡುತ್ತಿದ್ದೆ.”

ನನ್ನ ಕೈಗೆ ಸಲಿಕೆ ಕೊಟ್ಟರು. ಗೋಡೆಯ ಬುಡದ ಹುಲ್ಲು ಕಿತ್ತು, ಒಂದು ಗೇಣು ಜಲ್ಲಿ ಸರಿಸಿದಾಗ ಉದ್ದನೆಯ ಹೊಸ್ತಿಲ ಕಲ್ಲು ಸಿಕ್ಕಿತು. ಅದರ ನಡುಭಾಗ ತಟ್ಟೆಯಂತೆ ತಗ್ಗಾಗಿ ಸವೆದಿತ್ತು. ಮೇಸ್ತ್ರಿಗಳು ಮಂಡಿಯೂರಿ ಬಕೆಟ್ಟಿನ ನೀರಿನಿಂದ ಅದನ್ನು ತೊಳೆದರು. ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದ ನನ್ನ ಹೆಂಡತಿ ಕನ್ನಡದಲ್ಲಿ ಏನೋ ಅಂದಳು.

“ಏನಂದರು?” ಎಂದು ಮೇಸ್ತ್ರಿಗಳು ಕೇಳಿದರು.

“ಕಲ್ಲು ಇಷ್ಟು ಸವೆಯಬೇಕಾದರೆ ಇದೇ ಅಸಲಿ ಬಾಗಿಲು ಇರಬೇಕು ಅಂತಾಳೆ.”

“ನಿಮಗಿಂತ ಬೇಗ ಅರ್ಥವಾಗಿದೆ ಅವರಿಗೆ.”

ನನಗೆ ಆಗಲೂ ಸಮಾಧಾನವಾಗಲಿಲ್ಲ. ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ಕೆಲವರಿಗೆ ‘ನೀವು ಹಿತ್ತಿಲ ಕಡೆಯಿಂದ ಬನ್ನಿ’ ಎಂದು ಹೇಳುತ್ತ ಬಂದಿದ್ದಾರೆ. ಅದರ ವಿರುದ್ಧ ಮಾತಾಡಿಯೇ ನಾನು ದೊಡ್ಡವನಾದದ್ದು. ಎಲ್ಲರೂ ಮುಂಬಾಗಿಲಿನಿಂದ ಹೋಗುವಾಗ ನನ್ನ ಹೆಂಡತಿ ಓಣಿಯಿಂದ ನುಸುಳುವುದನ್ನು ನಾನು ಒಪ್ಪಲಾರೆ ಎಂದೆ. ಮೇಸ್ತ್ರಿಗಳು ಸಾಧನಗಳನ್ನು ಬಕೆಟ್ಟಿಗೆ ಹಾಕುತ್ತ ಪೂರ್ತಿ ಕೇಳಿಸಿಕೊಂಡರು. ನಂತರ ಹೇಳಿದರು: “ಇದು ಸರಿಯಾದ ಮಾತು. ಹಾಗಿದ್ದರೆ ಎಲ್ಲರನ್ನೂ ಇಲ್ಲಿಂದಲೇ ಕರೆಯಿರಿ. ಕಾರು ನಿಲ್ಲಿಸುವ ಜಾಗ ಈ ಕಡೆಯೇ ಇದೆ. ಪುಸ್ತಕ ಕೊಡುವ ಮೇಜನ್ನು ಈ ಬಾಗಿಲ ಎದುರಿಗೆ ತನ್ನಿ, ಫಲಕವನ್ನೂ ಈ ಕಡೆ ಹಾಕಿ. ಮೇಜು ಎಲ್ಲಿದೆಯೋ ಜನ ಅಲ್ಲಿಗೆ ಬರುತ್ತಾರೆ. ಮೇಜು ಸರಿಸಬೇಡಿ ಎನ್ನಲು ಯಾವ ಪಟ್ಟಿಗೂ ಅಧಿಕಾರವಿಲ್ಲ.”

ನಾನು ಸಲಿಕೆಯ ಮಣ್ಣು ಕೊಡವಿ ಯೂಟ್‌ನಲ್ಲಿಟ್ಟೆ.

ಸೆಪ್ಟೆಂಬರಿನ ಸಭೆಗೆ ನಾನು ಹನ್ನೆರಡು ಪುಟ ಬರೆದುಕೊಂಡು ಹೋಗಿದ್ದೆ. ಮೇಸ್ತ್ರಿಗಳು ಬಾಗಿಲಲ್ಲೇ ತಡೆದು, “ವಕೀಲರೇ, ಇವತ್ತೊಂದು ದಿನ ಸುಮ್ಮನೆ ಕೂರಲು ಆಗುತ್ತದೆಯೇ?” ಎಂದರು. ಕೂತೆ. ಅವರು ಹೊಸ್ತಿಲ ಕಲ್ಲಿನ ಫೋಟೋ ಮೇಜಿನ ಮೇಲಿಟ್ಟು, ಇದು ಹೊಸ ಬಾಗಿಲಲ್ಲ, ಮುಚ್ಚಿಹೋದ ಹಳೆಯದು, ತೆರೆಯುವುದೂ ರಕ್ಷಣೆಯ ಕೆಲಸವೇ ಎಂದರು. ಸದಸ್ಯರೊಬ್ಬರು ಗೋಡೆ ಕುಸಿದರೆ ಹೊಣೆ ಯಾರು ಎಂದು ಕೇಳಿದರು. “ಗೋಡೆಯ ಭಾರ ಹೊರುವ ಮೇಲಿನ ಅಡ್ಡಗಲ್ಲು ಬಾಗಿಲಿನದೇ. ಅದು ಇನ್ನೂ ಅಲ್ಲೇ ಕೂತಿದೆ. ಕಲ್ಲು ಬಿಡಿಸುವವನು ನಾನು” ಎಂದರು. ಕೈಗಳು ಒಂದೊಂದಾಗಿ ಮೇಲೆದ್ದವು. ನನ್ನ ಹನ್ನೆರಡು ಪುಟಗಳನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದೆ.

ಎಪ್ಪತ್ತೆಂಟರ ಆ ಮನುಷ್ಯ ಎಂಟು ದಿನ ಕೂತು ಒಂದೊಂದೇ ಕಲ್ಲು ಬಿಡಿಸಿದರು. ಶಾಲೆ ಬಿಟ್ಟ ಮೇಲೆ ಹೋಗಿ ನಾನು ಬದಿಗಳ ಸಂದು ತುಂಬಲು ಸುಣ್ಣ ಕಲಸಿಕೊಡುತ್ತಿದ್ದೆ. ನಮ್ಮ ಕಡೆ ಇದಕ್ಕೆ ಗಾರೆ ಎನ್ನುತ್ತಾರೆ, ಹಿಂದಿನವರು ಬೆಲ್ಲದ ನೀರನ್ನೂ ಸೇರಿಸುತ್ತಿದ್ದರು ಎಂದಾಗ ಕೆಲಸ ನಿಲ್ಲಿಸಿ ಎಷ್ಟು ಬೆಲ್ಲ, ಯಾವಾಗ ಹಾಕಬೇಕು ಎಂದು ಕೇಳಿದರು; ನನಗೆ ಗೊತ್ತಿರಲಿಲ್ಲ. “ಗೊತ್ತಿಲ್ಲದ್ದಕ್ಕೂ ಭಾಷಣ ಇದೆಯಲ್ಲ ನಿಮ್ಮ ಹತ್ತಿರ” ಎಂದು ನಕ್ಕರು. ಮಧ್ಯಾಹ್ನ ನನ್ನ ಹೆಂಡತಿ ಕಳಿಸಿದ ಚಟ್ನಿಪುಡಿ ಸವರಿದ ಬ್ರೆಡ್ಡನ್ನು ಕಣ್ಣಲ್ಲಿ ನೀರು ಬಂದರೂ ಬಿಡದೆ ತಿನ್ನುತ್ತಿದ್ದರಂತೆ.

ಸೆಪ್ಟೆಂಬರಿನ ಕೊನೆಯ ಸೋಮವಾರ ಅವಳು ಕೆಲಸಕ್ಕೆ ಹೋದಳು. ಸವೆದ ಹೊಸ್ತಿಲ ಮೇಲೆ ಮೇಸ್ತ್ರಿಗಳು ಬಿಚ್ಚಿ ತೆಗೆಯಬಹುದಾದ ಮರದ ಹಲಗೆ ಕೂರಿಸಿದ್ದರು. ಪುಸ್ತಕ ಕೊಡುವ ಮೇಜೂ ಫಲಕವೂ ಆಗಲೇ ಈ ಕಡೆಗೆ ಬಂದಿದ್ದವು. ತಳ್ಳಲೆಂದು ನಾನು ಕೈ ಚಾಚಿದೆ. “ಬೇಡ ರೀ” ಎಂದಳು. ಗಾಲಿಗಳನ್ನು ತಾನೇ ತಿರುಗಿಸಿಕೊಂಡು ಒಳಗೆ ಹೋದಳು. ನಾನು ಓಣಿಯಲ್ಲೇ ನಿಂತೆ. ಒಳಗಿನಿಂದ ಅವಳು ಯಾರಿಗೋ ಶುಭೋದಯ ಹೇಳುವುದು ಕೇಳಿಸಿತು. ಮೇಸ್ತ್ರಿಗಳು ಎಲ್ಲಿ ಎಂದು ನೋಡಿದರೆ, ಯೂಟ್ ಆಗಲೇ ಓಣಿಯ ತಿರುವು ದಾಟುತ್ತಿತ್ತು.

ಅಂದಿನಿಂದ ನಾನು ಹಲವು ಸಮಿತಿಗಳ ಮುಂದೆ ನಿಂತಿದ್ದೇನೆ: ಬಾಡಿಗೆ ಮನೆಗಳ ಚಳಿಯ ವಿರುದ್ಧ, ವಲಸಿಗರ ಮಕ್ಕಳ ಭಾಷೆಗೆ ಶಾಲೆಯಲ್ಲಿ ಜಾಗ ಕೇಳಿ. ಈಗಲೂ ಖಾರವಾಗಿಯೇ ಮಾತಾಡುತ್ತೇನೆ. ಆದರೆ ಬರೆಯುವ ಮೊದಲು ಆ ಜಾಗಕ್ಕೆ ಹೋಗಿ ಸುತ್ತಲೂ ಒಮ್ಮೆ ನಡೆಯುತ್ತೇನೆ. ಈ ಅಭ್ಯಾಸ ಅವರಿಂದ ಬಂದದ್ದು. ಇದನ್ನು ಅವರಿಗೆ ಹೇಳಿದಾಗ, “ನಡೆದರೆ ಮೊಣಕಾಲಿಗೂ ಒಳ್ಳೆಯದು” ಎಂದಿದ್ದರು.

ಆ ಬಾಗಿಲು ತೆರೆದ ಮೂರು ವರ್ಷದ ಬಳಿಕ, ಒಂದು ಜುಲೈನಲ್ಲಿ, ಮೇಸ್ತ್ರಿಗಳು ನಿದ್ದೆಯಲ್ಲೇ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಗ್ರಂಥಾಲಯವನ್ನು ಅರ್ಧ ದಿನ ಮುಚ್ಚೋಣವೆಂದು ಕೌನ್ಸಿಲ್ ಹೇಳಿತು. ಅವರ ಹೆಂಡತಿ ಬೇಡವೆಂದರು. ನಾನು ಶವಪೆಟ್ಟಿಗೆಗೆ ಹೆಗಲು ಕೊಟ್ಟೆ. ಪ್ರಾರ್ಥನೆ ಮುಗಿಸಿಕೊಂಡು ನನ್ನ ಹೆಂಡತಿ ನೇರವಾಗಿ ತನ್ನ ಮೇಜಿಗೆ ಮರಳಿದಳು.

ಸಂಜೆ ಮನೆಗೆ ಬಂದವಳು ಕೋಟು ಕೂಡ ತೆಗೆಯದೆ ಹೇಳಿದಳು: “ರೀ, ಇವತ್ತು ಗಡಿಬಿಡೀಲಿ ಮುಂಬಾಗಿಲ ಬೀಗ ತೆಗೆಯೋದನ್ನೇ ಮರ್ತಿದ್ವಿ. ಸಾಯಂಕಾಲ ಬೀಗ ಹಾಕಕ್ಕೆ ಹೋದಾಗ್ಲೇ ಗೊತ್ತಾಗಿದ್ದು. ಬೆಳಿಗ್ಗೆಯಿಂದ ಜನ ಬರ್ತಾನೇ ಇದ್ರು. ಒಬ್ರೂ ಕೇಳ್ಲಿಲ್ಲ.”