ಪೂಜೆಯ ಚೀಲದೊಳಗಿನ ಕಾರ್ಡು

ಮೊಮ್ಮಕ್ಕಳೇ, ಊರಿಗೆ ಹೊರಟಾಗಲೆಲ್ಲ ನೀವು "ಆಯಿ, ಕಾರ್ಡ್ ಎಲ್ಲದ?" ಎಂದು ಕೇಳಿ ಬಾಯಿ ಮುಚ್ಚಿಕೊಂಡು ನಗುತ್ತೀರಿ. ನಿಮಗೆ ಗೊತ್ತಿರುವುದು ನನ್ನ ಅಕ್ಕ, ನಿಮ್ಮ ದೊಡ್ಡಾಯಿ, ಹೇಳಿದ ಕಥೆ. ಅವಳು ನಗು ಬರುವಂತೆಯೇ ಹೇಳುತ್ತಾಳೆ. ಆ ದಿನ ನನಗೆ ನಗು ಬಂದಿರಲಿಲ್ಲ. ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಅದಕ್ಕೆ ಬರೆಯುತ್ತಿದ್ದೇನೆ.

ತಾಂಡೂರಿನ ನನ್ನ ತಮ್ಮನ ಮಗಳ ಮದುವೆ ಅದು. ಬೀಗರದು ಜಹೀರಾಬಾದ್, ಮದುವೆಯೂ ಅಲ್ಲೇ. ನಾನೂ ಅಕ್ಕನೂ ನಾರಾಯಣಖೇಡದಿಂದ ಮೊದಲ ಬಸ್ಸಿಗೆ ಹೊರಟೆವು. ತಮ್ಮನ ಕಡೆಯವರು ಬರುವುದು ಸಂಜೆಗೆ. ಅಲ್ಲಿಯವರೆಗೆ ಬೀಗರ ಮನೆಯಲ್ಲಿ ಹೋಗಿ ಕೂರುವುದು ಚೆಂದವಲ್ಲವೆಂದು ಮದುವೆಯ ಕೆಲಸಕ್ಕೆ ಮೊದಲೇ ತಾಂಡೂರಿಗೆ ಹೋಗಿದ್ದ ನನ್ನ ಮಗಳು, ನಿಮ್ಮವ್ವ, ಅಲ್ಲಿಂದಲೇ ಫೋನಿನಲ್ಲಿ ಹೋಟೆಲ್ ರೂಮು ಹಿಡಿದಿದ್ದಳು. ನಿಮ್ಮ ಮುತ್ಯಾನ ಪೆನ್ಶನ್ ನನಗೆ ಬರುತ್ತದಲ್ಲ, ಆ ಖಾತೆಯ ನನ್ನ ಬ್ಯಾಂಕ್ ಕಾರ್ಡಿನ ನಂಬರನ್ನು ನಾನೇ ಓದಿ ಹೇಳಿದ್ದೆ.

"ಅವ್ವ, ಕಾರ್ಡ್ ಸಂಗಟ ಒಯ್ಯಿ. ಯಾರೂ ಕೈ ಹಾಕದ ಕಡಿ ಇಡು," ಎಂದಿದ್ದಳು.

ಯಾರೂ ಕೈ ಹಾಕದ ಜಾಗ ನನಗೆ ಗೊತ್ತಿದ್ದದ್ದು ಒಂದೇ, ಪೂಜೆಯ ಚೀಲ. ಜಳಕವಾಗದೆ ಅದನ್ನು ಬಿಚ್ಚಬಾರದು. ಅತ್ತೆ ಹಾಕಿಕೊಟ್ಟ ಪದ್ಧತಿ. ಮದುವೆಯಾಗಿ ಬಂದಾಗಿನಿಂದ ನಾನು ಒಂದು ದಿನವೂ ತಪ್ಪಿರಲಿಲ್ಲ. ವಿಭೂತಿಯ ಕೆಳಗೆ ಕಾರ್ಡು ಇಟ್ಟು, ದಾರ ಎಳೆದು, ಗಂಟು ಹಾಕಿದೆ. ಮನಸ್ಸು ಹಗುರವಾಯಿತು.

ಹೊರಡುವ ದಿನ ನಸುಕಿನಲ್ಲಿ ಕರೆಂಟು ಹೋಗಿ ಮನೆಯ ನೀರಿನ ಮೋಟಾರು ನಡೆಯಲಿಲ್ಲ, ಜಳಕ ಆಗಲಿಲ್ಲ. ರೂಮಿಗೆ ಹೋಗಿ ಜಳಕ ಮಾಡಿ, ಲಿಂಗಪೂಜೆ ಮುಗಿಸಿ ಬುತ್ತಿ ಬಿಚ್ಚೋಣ ಎಂದುಕೊಂಡೆವು. ಪೂಜೆಯಾಗದೆ ನಾವಿಬ್ಬರೂ ಬಾಯಿಗೆ ನೀರು ಸಹ ಹಾಕುವವರಲ್ಲ. ಅಕ್ಕನಿಗೆ ಸಕ್ಕರೆ ಕಾಯಿಲೆ. ರೂಮು ಇದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಬಸ್ಸಿಳಿದ ಕೂಡಲೇ ಇನ್ಸುಲಿನ್ ಸೂಜಿ ಚುಚ್ಚಿಕೊಂಡಳು. ಆ ಸೂಜಿ ತೆಗೆದುಕೊಂಡ ಮೇಲೆ ಬೇಗ ಉಣ್ಣಲೇಬೇಕು.

ಹೋಟೆಲಿನ ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು. ನಮಗಿಂತ ಮುಂದೆ ನಿಂತಿದ್ದ ಗಂಡಸು ಅವಳೊಡನೆ ಜಗಳಕ್ಕೆ ಬಿದ್ದಿದ್ದ.

"ನಮ್ಮ ಭಾವನ ಕಾರ್ಡ್ ಅದು. ಅವರು ಹೈದ್ರಾಬಾದ್ನಾಗ ಅದಾರ. ಕಾರ್ಡ್ ಒಂದೇ ಬಸ್ ಹತ್ತಿ ಬರ್ತದೇನು?"

"ಬುಕ್ ಮಾಡಿದ ಕಾರ್ಡ್ ಕಣ್ಣಿಲೆ ನೋಡಬೇಕ್ರಿ. ಫೋಟೋ ನಡ್ಯಂಗಿಲ್ಲ."

"ರೊಕ್ಕ ತಗೊಂಬಾಗ ನೋಡಿದ್ರೇನು? ರೊಕ್ಕ ಮೊದಲ, ಅನುಮಾನ ಆಮ್ಯಾಲ?"

ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಹೊರಗೆ ಹೋದ. ಹುಡುಗಿ ನಮ್ಮ ಕಡೆ ತಿರುಗಿ ಅದನ್ನೇ ಕೇಳಿದಳು. ಕಾರ್ಡು ಎಲ್ಲಿಟ್ಟಿದ್ದೇನೆಂಬುದು ನನಗೆ ಆಗ ನೆನಪಾಯಿತು.

"ಕಾರ್ಡ್ ಅದರಿ. ಚೀಲದಾಗದ," ಎಂದೆ.

"ತಗೀರಿ ಮತ್ತ."

"ಮೊದಲ ರೂಮ್ ಕೊಡ್ರಿ. ಆಮ್ಯಾಲ ತೋರಸ್ತೀನಿ."

"ಎಲ್ಲಾರೂ ಹಂಗೇ ಅಂತಾರಮ್ಮಾ. ಮೊನ್ನಿ ಒಬ್ಬಾಂವ ಬ್ಯಾರೆಯವರ ಕಾರ್ಡಿನ ಮ್ಯಾಲ ಇದ್ದು ಹೋದ. ಖರೆ ಮಾಲಕರು ಬ್ಯಾಂಕಿಗಿ ಹೇಳಿ ರೊಕ್ಕ ವಾಪಸ್ ತಗೊಂಡ್ರು. ನನ್ನ ಸಂಗಟ ಇದ್ದಾಕಿ ನೌಕರಿ ಹೋತು."

ನಗದು ಕೊಡುತ್ತೇನೆ, ಬೇರೆ ರೂಮು ಕೊಡಿ ಎಂದೆ. ಮದುವೆಯ ದಿನಗಳು, ಒಂದೂ ಖಾಲಿ ಇಲ್ಲ ಎಂದಳು. ನನ್ನ ಕಷ್ಟವೇನೆಂದು ಬಿಡಿಸಿ ಹೇಳಬಹುದಿತ್ತು. ಅಪರಿಚಿತರ ಮುಂದೆ ಜಳಕದ ಮಾತು ಬಾಯಿಂದ ಹೊರಡಲಿಲ್ಲ. ಹೋಗಿ ಸೋಫಾದ ತುದಿಯಲ್ಲಿ ಕೂತೆ. ಎದ್ದೆ. ಮತ್ತೆ ಕೂತೆ.

ನಿಮ್ಮವ್ವನಿಗೆ ಫೋನ್ ಹಚ್ಚಿದೆ.

"ಚೀಲ ನಿಂದು, ಕಾರ್ಡ್ ನಿಂದು. ತಗದು ಕೊಟ್ರ ಆತವ್ವ."

"ಪೂಜಿ ಚೀಲದಾಗದ. ಜಳಕ ಆಗಿಲ್ಲ."

"ಅಂದ್ರ ಜಳಕಕ್ಕ ರೂಮ್ ಬೇಕು, ರೂಮಿಗಿ ಕಾರ್ಡ್ ಬೇಕು, ಕಾರ್ಡಿಗಿ ಜಳಕ ಬೇಕು. ಯಾರೂ ಕೈ ಹಾಕದ ಕಡಿ ಅಂದ್ರ ನೀನೂ ಕೈ ಹಾಕದ ಕಡಿ ಅಂದಿದ್ದೆನೇನು ನಾನು?" ಬುಕಿಂಗ್ ಕಂಪನಿಯವರಿಗೆ ಹೇಳಿ ನೋಡುತ್ತೇನೆಂದು ಫೋನ್ ಇಟ್ಟಳು. ತಿರುಗಿ ಮಾಡಿದಾಗ, ಆ ನಂಬರಿನಲ್ಲಿ ಬರೀ ಸಂಗೀತ ಬರುತ್ತಿದೆ, ಮನುಷ್ಯರು ಬರುತ್ತಿಲ್ಲ ಎಂದಳು.

ಅಕ್ಕ ಎಲ್ಲ ಕೇಳಿಸಿಕೊಂಡು, "ಭಾಳ ಭದ್ರ ಇಟ್ಟೀಯವ್ವ. ನಾ ಸತ್ತರೂ ನಿನ್ನ ಕಾರ್ಡಿಗಿ ಏನೂ ಆಗಂಗಿಲ್ಲ," ಎಂದಳು. ಬಾಗಿಲ ಕಡೆ ನೋಡಿದೆ. ಆ ಗಂಡಸು ಬಿಸಿಲಲ್ಲಿ ಅತ್ತಿಂದಿತ್ತ ಓಡಾಡುತ್ತಲೇ ಇದ್ದ. ಕೌಂಟರಿನ ಹುಡುಗಿ ನಮ್ಮನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು. ನಾವೂ ಕಳ್ಳರೇ ಎಂದುಕೊಂಡಿರಬೇಕು. ಚೀಲ ನನ್ನ ತೊಡೆಯ ಮೇಲಿತ್ತು. ದಾರದ ಗಂಟನ್ನು ಬೆರಳು ಹುಡುಕುತ್ತಿತ್ತು, ಸಿಕ್ಕ ಕೂಡಲೇ ಹಿಂದೆ ಸರಿಯುತ್ತಿತ್ತು.

ಅಕ್ಕ ಮಾತು ನಿಲ್ಲಿಸಿದ್ದು ನನಗೆ ಆಮೇಲೆ ತಿಳಿಯಿತು. ತಿರುಗಿ ನೋಡಿದರೆ ಫ್ಯಾನಿನ ಕೆಳಗೇ ಅವಳ ಹಣೆ ಬೆವರಿತ್ತು. ಕೈ ನಡುಗುತ್ತಿತ್ತು. "ಕಣ್ಣಿಗಿ ಕತ್ತಲಿ ಬರಾಕತ್ತದ," ಎಂದಳು.

ಗಂಟು ಬಿಚ್ಚಲು ಕೂಡ ನಾನು ನಿಲ್ಲಲಿಲ್ಲ. ದಾರ ಹರಿದೆ. ಕೈಗೆ ಮೊದಲು ಸಿಕ್ಕಿದ್ದು ಕಾರ್ಡಲ್ಲ, ನೈವೇದ್ಯದ ಕಲ್ಲುಸಕ್ಕರೆ.

"ಬ್ಯಾಡ, ಪೂಜಿ ಆಗಿಲ್ಲ," ಎಂದು ಅಕ್ಕ ಮುಖ ತಿರುಗಿಸಿದಳು.

"ಬಾಯಿ ತಗಿ ಅಕ್ಕ."

ಅವಳೊಡನೆ ಅಷ್ಟು ಜೋರಾಗಿ ನಾನು ಎಂದೂ ಮಾತಾಡಿದವಳಲ್ಲ. ಬಾಯಿ ತೆಗೆದಳು. ಅವಳು ಅದನ್ನು ಕರಗಿಸಿಕೊಳ್ಳುವವರೆಗೂ ಗಲ್ಲ ಹಿಡಿದುಕೊಂಡೇ ನಿಂತೆ. ಹುಡುಗಿ ಓಡಿ ಬಂದು ನೀರಿನ ಬಾಟಲಿ ಕೊಟ್ಟಳು. ಅಕ್ಕ ಅದನ್ನೂ ಕುಡಿದಳು.

ನಡುಕ ಇಳಿದ ಮೇಲೆ ಕಾರ್ಡನ್ನು ಕೌಂಟರಿನ ಮೇಲಿಟ್ಟೆ. ಮೇಲೆಲ್ಲ ವಿಭೂತಿ ಮೆತ್ತಿತ್ತು. ಹುಡುಗಿ ಓಢಣಿಯಿಂದ ಒರೆಸಿ ನೋಡಿದಳು.

"ಕೈದಾಗೇ ಇತ್ತಲ್ಲಮ್ಮಾ. ಇಷ್ಟೊತ್ತು ಯಾಕ ಕಾಯ್ದ್ರಿ?"

ತಲೆ ತಗ್ಗಿಸಿಕೊಂಡು ಬೀಗದ ಕೈ ಇಸಿದುಕೊಂಡೆ.

ರೂಮಿನಲ್ಲಿ ಜಳಕ ಮಾಡಿ ಪೂಜೆಗೆ ಕೂತೆ. ಮನಸ್ಸು ನಿಲ್ಲಲಿಲ್ಲ. ಪದ್ಧತಿ ಮುರಿದದ್ದು ಚುಚ್ಚುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮುರಿಯಲು ಅಷ್ಟು ಹೊತ್ತು ತೆಗೆದುಕೊಂಡದ್ದು ಚುಚ್ಚುತ್ತಿತ್ತು. ಹಿಂದೆ ಅಕ್ಕ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವ ಸಪ್ಪಳ ಕೇಳಿಸುತ್ತಿತ್ತು. ಅದು ನಿಂತಾಗಲೆಲ್ಲ ನಾನು ತಿರುಗಿ ನೋಡುತ್ತಿದ್ದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅದೇ ಹುಡುಗಿ.

"ತಪ್ಪು ತಿಳ್ಕೋಬ್ಯಾಡ್ರಿ ಅಮ್ಮಾ. ಗಡಿಬಿಡ್ಯಾಗ ಕಾರ್ಡಿನ ಕಡೀ ನಾಕು ನಂಬರ್ ಬರ್ಕೊಳ್ಳೋದು ಮರ್ತೆ. ಇನ್ನೊಂದ್ ಸಲ ತೋರಸ್ತೀರೇನು?"

ನನ್ನ ಕೈ ತಾನಾಗಿ ಪೂಜೆಯ ಚೀಲಕ್ಕೆ ಹೋಯಿತು.

"ಮತ್ತ ಅದರಾಗೇ ಇಟ್ಟೀಯೇನು?" ಎಂದಳು ಅಕ್ಕ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

ಇಟ್ಟಿದ್ದೆ. ಆದರೆ ಈಗ ಜಳಕವಾಗಿತ್ತು. ತೆಗೆದು ಕೊಟ್ಟೆ.