ಪೂರ್ತಿ ಮುಗಿದ ಹಾಡು

ಇಸ್ತ್ರಿ ಅಂಗಡಿಯ ಅಕ್ಕನಿಗೂ ಮದುವೆಯಾಗಿ ದೂರ ಹೋದ ತಂಗಿಗೂ ಹಾಡು ಕೇಳುವ ಆ್ಯಪ್‌ನಲ್ಲಿ ಇದ್ದದ್ದು ಒಂದೇ ಖಾತೆ. ಅಲ್ಲಿ ತಂಗಿ ಹಾಡು ಹಾಕಿದರೆ ಇಲ್ಲಿ ಅಕ್ಕನ ಹಾಡು ಅರ್ಧಕ್ಕೇ ನಿಂತುಹೋಗುತ್ತಿತ್ತು. "ಬಂದ್ಲು ನೋಡು ಮಹಾರಾಣಿ!" ಎಂದು ಅಕ್ಕ ಇಸ್ತ್ರಿಪೆಟ್ಟಿಗೆ ಕುಕ್ಕಿ, ಬೇಕೆಂದೇ ತನ್ನದನ್ನು ಮತ್ತೆ ಹಾಕುತ್ತಿದ್ದಳು. ಅಲ್ಲಿ ಅವಳದು ನಿಲ್ಲುತ್ತಿತ್ತು. ಮರುಕ್ಷಣ ಇಲ್ಲಿ ಇವಳದು. ಚಿಕ್ಕಂದಿನಲ್ಲಿ ರೇಡಿಯೋದ ಕಿವಿ ಹಿಂಡಲು ಇಬ್ಬರೂ ಜಡೆ ಜಗ್ಗಾಡಿದ್ದರಲ್ಲ, ಅದೇ ಜಗಳ. ಫೋನ್ ಮಾಡಿ ಮಾತಾಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ, ಇದಕ್ಕೆ ಮಾತ್ರ ಇತ್ತು.

ಮೊನ್ನೆ ತಂಗಿಯೇ ಫೋನ್ ಮಾಡಿದಳು. "ಅಕ್ಕಾ, ಅತ್ತೆ ಮನೆಯವ್ರೆಲ್ಲ ಸೇರಿ ಹಾಡಿನ ಆ್ಯಪ್‌ಗೆ ಫ್ಯಾಮಿಲಿ ಪ್ಲಾನ್ ತಗೊಂಡ್ರು, ಒಬ್ಬೊಬ್ರಿಗೂ ಬೇರೆ ಬೇರೆ ಖಾತೆ. ನನ್ನನ್ನೂ ಸೇರಿಸ್ಕೊಂಡಿದ್ದಾರೆ. ಇನ್ಮೇಲೆ ನಿನಗೆ ನನ್ನ ಕಾಟ ಇಲ್ಲ, ಆರಾಮಾಗಿ ಕೇಳು."

"ಸದ್ಯ, ಬಚಾವಾದೆ!" ಎಂದಳು ಅಕ್ಕ.

ಆಮೇಲೆ ಅದೇ ಹಳೆಯ ಹಾಡು ಹಾಕಿ ಇಸ್ತ್ರಿಗೆ ನಿಂತಳು. ಪಲ್ಲವಿ ಮುಗಿಯಿತು, ಚರಣಗಳೂ ಮುಗಿದವು. ಕೊನೆಯಲ್ಲಿ ಒಂದು ಕೊಳಲು ಬರುತ್ತದೆಂದು ಅವಳಿಗೆ ಗೊತ್ತಾದದ್ದೇ ಆಗ.

ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ಅಕ್ಕ ಫೋನಿನ ಕಡೆ ನೋಡಿದಳು.

"ನಿಲ್ಸೇ, ಕತ್ತೆ," ಎಂದಳು.